ಸಂವಿಧಾನದ ಕ್ರಿಯಾಪದಗಳು

ನವೆಂಬರ 26ನ್ನು ಸಂವಿಧಾನ ದಿನವೆಂದು ಆಚರಿಸುವ ಪದ್ಧತಿಯು 2015ರಿಂದ ನಮ್ಮ ದೇಶದಲ್ಲಿ ನಡೆದು ಬಂದಿದೆ. ಕಾಸರಗೋಡಿನ ಈ ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯವರು ನಿವೃತ್ತ ಅಧ್ಯಾಪಕನಾದ ನನ್ನನ್ನೂ ಒಮ್ಮೆ ಆ ದಿನಕ್ಕೆ ಕರೆದಿದ್ದರು. ಮಕ್ಕಳು ಎದ್ದು ನಿಂತು ಪೀಠಿಕೆಯನ್ನು ಒಕ್ಕೊರಲಿನಿಂದ ಓದಿದರು. ಓದು ಮುಗಿದು ಎಲ್ಲರೂ ಕುಳಿತ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿ, “ಮಾಷ್ಟ್ರೇ, ಇದು ಇಡೀ ಒಂದೇ ವಾಕ್ಯವಾ? ಹಾಗಾದರೆ ಇದರ ಕ್ರಿಯಾಪದ ಎಲ್ಲಿದೆ?” ಎಂದು ಕೇಳಿದಳು. ಹಿಂದಿನ ದಿವಸವಷ್ಟೇ ಅವರಿಗೆ ಕರ್ತೃ, ಕರ್ಮ, ಕ್ರಿಯಾಪದಗಳ ಪಾಠವಾಗಿತ್ತಂತೆ. ಭಾಷಣಕ್ಕೆಂದು ಬರೆದುಕೊಂಡು ಹೋಗಿದ್ದ ಹಾಳೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಬಳಪವನ್ನು ತೆಗೆದುಕೊಂಡೆನು. ಅಂದು ಕರಿಹಲಗೆಯ ಮೇಲೆ ನಡೆದ ವಿಚಾರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಾವ್ಯವನ್ನೂ ನಾಟಕವನ್ನೂ ವಿಮರ್ಶಿಸುವ ನಾವು ಸಂವಿಧಾನವನ್ನು ಒಂದು ಕೃತಿಯೆಂದು ಭಾವಿಸಿ ಓದುವುದಿಲ್ಲ. ಅದು ವಕೀಲರ ವಸ್ತು, ಅಥವಾ ಪೌರನೀತಿಯ ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆ. ಪಠ್ಯಪುಸ್ತಕಗಳು ಹಕ್ಕುಗಳನ್ನು ಒಂದು ಪಟ್ಟಿಯಲ್ಲಿಯೂ ಕರ್ತವ್ಯಗಳನ್ನು ಇನ್ನೊಂದು ಪಟ್ಟಿಯಲ್ಲಿಯೂ ಬರೆದು ಮುಗಿಸುತ್ತವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿ ನಾಮಪದಗಳು ಮಾತ್ರ ಉಳಿಯುತ್ತವೆ: ಸಮಾನತೆ, ಸ್ವಾತಂತ್ರ್ಯ, ಶಿಕ್ಷಣ, ಸಂಸ್ಕೃತಿ. ನಾಮಪದಗಳು ಎಲ್ಲರಿಗೂ ಹಿತವಾಗಿಯೇ ಕೇಳುತ್ತವೆ. ಆದರೆ ಯಾರು ಮಾಡಬೇಕು, ಮಾಡಲೇಬೇಕೋ, ಮಾಡಿದರೆ ಸಾಕೋ, ಮಾಡಲು ಯತ್ನಿಸಿದರೂ ಸಾಕೋ ಎಂಬುದನ್ನು ತಿಳಿಸುವುದು ಕ್ರಿಯಾಪದ. ಪಟ್ಟಿ ಮಾಡುವಾಗ ಮೊದಲು ಕಳಚಿ ಬೀಳುವುದೂ ಅದೇ. ಗಡಿನಾಡಿನ ಕನ್ನಡ ಶಾಲೆಯ ಭಾಗ್ಯವು ಇಂತಹ ಒಂದು ಕ್ರಿಯಾಪದದ ಮೇಲೆ ನಿಂತಿದೆಯೆಂಬುದು ನನ್ನ ಅಭಿಪ್ರಾಯ.

ಮೊದಲು ಆ ಹುಡುಗಿಯ ಪ್ರಶ್ನೆ. ಪೀಠಿಕೆಯು ಇಂಗ್ಲಿಷ್ ಮೂಲದಲ್ಲಿಯೂ ಕನ್ನಡ ಅನುವಾದದಲ್ಲಿಯೂ ಒಂದೇ ವಾಕ್ಯ. ಕನ್ನಡದಲ್ಲಿ ಕರ್ತೃಪದವು ಮೊದಲು ಬಂದು ಕ್ರಿಯಾಪದವು ಕಡೆಯಲ್ಲಿ ನಿಲ್ಲುವುದರಿಂದ, ‘ನಾವು’ ಎಂಬುದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳೆಂಬ ನಾಲ್ಕು ಹಿರಿಯ ಪದಗಳು ತಂತಮ್ಮ ಪರಿವಾರದೊಡನೆ ಬಂದು ಕುಳಿತುಬಿಟ್ಟಿವೆ. ಓದುವ ಮಗುವಿಗೆ ಉಸಿರು ಸಾಲದು. ಆದರೂ ಕಡೆಯಲ್ಲಿ ಬರುವ ಕ್ರಿಯಾಪದವನ್ನು ನೋಡಿದರೆ ಕಾಯುವಿಕೆ ಸಾರ್ಥಕವೆನಿಸುತ್ತದೆ. ಅರ್ಪಿಸಿದ್ದೇವೆ ಎಂದಲ್ಲ, ಅರ್ಪಿಸಿಕೊಂಡಿದ್ದೇವೆ ಎಂದು ಅಲ್ಲಿ ಹೇಳಿದೆ. ಕೊಡುವವರೂ ನಾವು, ಪಡೆಯುವವರೂ ನಾವು. ಇಂಗ್ಲಿಷಿಗೆ ಈ ಭಾವವನ್ನು ತರಲು ಬೇರೆ ಪದಗಳು ಬೇಕಾದುವು. ಕನ್ನಡವು ‘ಕೊಳ್ಳು’ ಎಂಬ ಒಂದು ಸಹಾಯಕ ಧಾತುವಿನಿಂದ ಅದನ್ನು ಸಾಧಿಸಿದೆ. ದಿನವೂ ಬರೆದುಕೊಳ್ಳುವ, ತಲೆ ಬಾಚಿಕೊಳ್ಳುವ, ಬುತ್ತಿ ಕಟ್ಟಿಕೊಳ್ಳುವ ಮಕ್ಕಳಿಗೆ ಈ ‘ಕೊಳ್ಳು’ವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ‘ನಾವು’ ಪೀಠಿಕೆಯನ್ನು ದಾಟಿದ ಮೇಲೆ ಮತ್ತೆ ಕರ್ತೃವಾಗಿ ಬರುವುದಿಲ್ಲ. 1949ರ ನವೆಂಬರ 26ರಂದು ಅಂಗೀಕಾರವಾದಾಗ ಸಂವಿಧಾನದಲ್ಲಿ 395 ಅನುಚ್ಛೇದಗಳಿದ್ದುವು. ಅವುಗಳಲ್ಲಿ ರಾಜ್ಯ, ಸಂಸತ್ತು, ರಾಷ್ಟ್ರಪತಿ, ರಾಜ್ಯಪಾಲ, ಯಾವನೇ ವ್ಯಕ್ತಿ, ಯಾವನೇ ಪೌರ ಎಂಬವರೆಲ್ಲರೂ ಕರ್ತೃಗಳು. ‘ನಾವು’ ಮಾತ್ರ ಬಾಗಿಲಲ್ಲಿ ಸ್ವಾಗತ ಹೇಳಿ ಮರೆಯಾದ ಯಜಮಾನನಂತೆ ಒಳಗೆಲ್ಲಿಯೂ ಕಾಣಿಸದು. ಕಾಯಿದೆಯ ಗ್ರಂಥದಲ್ಲಿ ಇದು ಸಹಜವೇ ಸರಿ, ದೋಷವೆಂದು ನಾನು ಹೇಳಲಾರೆ.

ಇನ್ನು ಅನುವಾದದ ಮಾತು. ಕರ್ನಾಟಕ ಸರಕಾರವು ಪ್ರಕಟಿಸಿದ ಕನ್ನಡ ಸಂವಿಧಾನವನ್ನು ತೆರೆದವರಿಗೆ ಮೊದಲು ಎದುರಾಗುವುದು ‘ತಕ್ಕದ್ದು’ ಎಂಬ ಪದ. ಮಾಡತಕ್ಕದ್ದು, ನಿರಾಕರಿಸತಕ್ಕದ್ದಲ್ಲ ಎಂದು ಪುಟಪುಟಕ್ಕೂ ಅದು ಬರುತ್ತದೆ. ಇಂಗ್ಲಿಷಿನ ಕಾಯಿದೆಯ ಭಾಷೆಯಲ್ಲಿ ‘ಶಲ್’ ಎಂಬುದು ಮಾಡುವ ಕೆಲಸವನ್ನು ಕನ್ನಡದಲ್ಲಿ ಇದು ಮಾಡುತ್ತದೆ. ಸರಕಾರೀ ಪತ್ರಗಳ ಹಳಸಲು ವಾಸನೆ ಇದಕ್ಕೆ ಹತ್ತಿದೆಯೆಂದು ನನ್ನ ಮಿತ್ರರೊಬ್ಬರು ಹಳಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ‘ತಕ್ಕ’ ಎಂದರೆ ಯೋಗ್ಯವಾದ, ಉಚಿತವಾದ ಎಂದು ಅರ್ಥ. ತಕ್ಕ ಮಾತು, ತಕ್ಕ ವರ ಎಂದು ನಾವು ಮನೆಯಲ್ಲಿ ಆಡುವ ಪದವೇ ಇದು. ಬಲಾತ್ಕಾರದ ಅರ್ಥವನ್ನು ಹೊತ್ತ ಪದದ ಬುಡದಲ್ಲಿ ಔಚಿತ್ಯದ ಅರ್ಥವಿರುವುದು ಕನ್ನಡದ ಒಂದು ಸೊಗಸು. ದೋಷವಿರುವುದು ಬೇರೆ ಕಡೆ. ‘ತಕ್ಕದ್ದು’ ನಪುಂಸಕ ಲಿಂಗದ ಏಕವಚನ. ಕರ್ತೃವು ಅವನಾಗಲಿ, ಅವಳಾಗಲಿ, ಅವರಾಗಲಿ, ಈ ಪದವು ಅಲುಗಾಡದು. ‘ಮಾಡುತ್ತಾರೆ’ ಎಂದರೆ ಕರ್ತೃವನ್ನು ಹೇಳದಿದ್ದರೂ ಯಾರೋ ಹಲವರು ಮಾಡುವವರೆಂದು ಕ್ರಿಯಾಪದವೇ ಸಾಕ್ಷಿ ನುಡಿಯುತ್ತದೆ. ‘ಮಾಡತಕ್ಕದ್ದು’ ಎಂದರೆ ಅಂತಹ ಸಾಕ್ಷಿಯಿಲ್ಲ. ಆದುದರಿಂದ ಕನ್ನಡ ಸಂವಿಧಾನವನ್ನು ಓದುವವನು ಪ್ರತಿಯೊಂದು ವಾಕ್ಯದಲ್ಲಿಯೂ ಕರ್ತೃವನ್ನು ಹುಡುಕಿ ಅಡಿಗೆರೆ ಎಳೆಯಬೇಕು. ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಮಾಡಿಕೊಂಡರೆ ಒಳ್ಳೆಯದು.

ಹಾಗೆ ಗೆರೆ ಎಳೆಯುತ್ತ ಮೂರನೆಯ ಭಾಗಕ್ಕೆ, ಅಂದರೆ ಮೂಲಭೂತ ಹಕ್ಕುಗಳ ಭಾಗಕ್ಕೆ ಬಂದರೆ, ಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಕಾಣುತ್ತದೆ. ಅಲ್ಲಿಯ ಮುಖ್ಯ ವಾಕ್ಯಗಳಲ್ಲಿ ಹಲವು ನಿಷೇಧಾರ್ಥಕ. 14ನೆಯ ಅನುಚ್ಛೇದವು ನೀವು ಸಮಾನರು ಎಂದು ನಮ್ಮನ್ನು ಹೊಗಳುವುದಿಲ್ಲ. ಯಾರಿಗೂ ಸಮಾನತೆಯನ್ನು ನಿರಾಕರಿಸಕೂಡದೆಂದು ರಾಜ್ಯಕ್ಕೆ ಹೇಳುತ್ತದೆ. 15ನೆಯದು ಭೇದವೆಣಿಸಕೂಡದೆನ್ನುತ್ತದೆ. 21ನೆಯದು ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಾನೂನಿನ ಕ್ರಮವಿಲ್ಲದೆ ಕಸಿದುಕೊಳ್ಳಬಾರದೆನ್ನುತ್ತದೆ. ‘ರಾಜ್ಯ’ ಎಂದರೆ ಇಲ್ಲಿ ಕೇರಳ, ಕರ್ನಾಟಕ ಎಂಬ ಅರ್ಥದ ರಾಜ್ಯವಷ್ಟೇ ಅಲ್ಲ. ಕೇಂದ್ರ ಸರಕಾರ, ಸಂಸತ್ತು, ವಿಧಾನಮಂಡಲಗಳು, ಸ್ಥಳೀಯ ಸಂಸ್ಥೆಗಳು ಎಲ್ಲವನ್ನೂ ಆ ಪದವು ಒಳಗೊಳ್ಳುತ್ತದೆಂದು 12ನೆಯ ಅನುಚ್ಛೇದವು ಹೇಳಿದೆ. ಗ್ರಾಮ ಪಂಚಾಯತಿಯೂ ಈ ಕರ್ತೃವಿನಲ್ಲಿ ಸೇರಿತು. ಹಕ್ಕು ಎಂಬುದು ನಮ್ಮ ಕೈಯಲ್ಲಿರುವ ವಸ್ತುವೆಂದು ಭಾವಿಸುತ್ತೇವೆ. ವ್ಯಾಕರಣದ ಪ್ರಕಾರ ಅದು ಬಹುಮಟ್ಟಿಗೆ ಸರಕಾರದ ಕೈಗೆ ಹಾಕಿದ ತಡೆ.

ಈ ನಿಷೇಧಗಳ ನಡುವೆ 17ನೆಯ ಅನುಚ್ಛೇದವು ಒಂಟಿಯಾಗಿ ನಿಂತಿದೆ. ಅಸ್ಪೃಶ್ಯತೆಯನ್ನು ರದ್ದು ಮಾಡಬೇಕು ಎಂದು ಅದು ಹೇಳುವುದಿಲ್ಲ, ರದ್ದು ಮಾಡಲಾಗಿದೆ ಎನ್ನುತ್ತದೆ. ರಾಜ್ಯವೆಂಬ ಕರ್ತೃವನ್ನು ಕೂಡ ಅದು ಹೆಸರಿಸಿಲ್ಲ. ಆಚರಣೆಯು ಯಾವ ರೂಪದಲ್ಲಿದ್ದರೂ, ಯಾರಿಂದ ನಡೆದರೂ ನಿಷಿದ್ಧ. ಮನೆಯೂ ಬಾವಿಯೂ ಗುಡಿಯೂ ಅದರ ವ್ಯಾಪ್ತಿಗೆ ಬಂದುವು. ನಡೆಯದ ಕಾರ್ಯವನ್ನು ನಡೆದುಹೋಗಿದೆಯೆಂದು ಹೇಳಿದ ಈ ವಾಕ್ಯವನ್ನು ಸುಳ್ಳೆನ್ನುವವರು ಇದ್ದಾರೆ. ನಾನಾದರೋ ಇಡೀ ಗ್ರಂಥದಲ್ಲಿ ಇದನ್ನೇ ಅತ್ಯಂತ ಸಮರ್ಥವಾದ ವಾಕ್ಯವೆಂದು ಎಣಿಸುತ್ತೇನೆ. ಬರೆದವರಿಗೆ ತಾವು ಏನನ್ನು ಬಯಸುತ್ತೇವೆಂಬ ವಿಷಯದಲ್ಲಿ ಸಂದೇಹವಿಲ್ಲದಿದ್ದಾಗ ವಾಕ್ಯವು ಹೇಗೆ ಚಿಕ್ಕದಾಗುತ್ತದೆಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ವಿಷಯಕ್ಕೆ ಬರೋಣ. ಭೇದವೆಣಿಸಬಾರದ ಕಾರಣಗಳನ್ನು 15ನೆಯ ಅನುಚ್ಛೇದವು ಎಣಿಸುತ್ತದೆ: ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ. ಭಾಷೆಯೆಂಬ ಪದವು ಅಲ್ಲಿಲ್ಲ. ಸರಕಾರೀ ಉದ್ಯೋಗದಲ್ಲಿ ಸಮಾನಾವಕಾಶವನ್ನು ಕುರಿತ 16ನೆಯದರ ಎಣಿಕೆಯಲ್ಲಿಯೂ ಅದಿಲ್ಲ. ಮೊಟ್ಟಮೊದಲು ಅದು 29ನೆಯದರಲ್ಲಿ ಹಕ್ಕಿನ ವಿಷಯವಾಗಿ ಬರುತ್ತದೆ. ಅಲ್ಲಿ ಸ್ವಂತ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಪೌರರ ಯಾವುದೇ ವಿಭಾಗಕ್ಕೆ ಅವನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದು ಹೇಳಿದೆ. ಭಾಷೆಯ ಕಾರಣದಿಂದ ಮಾತ್ರವೇ ಯಾರಿಗೂ ಸರಕಾರೀ ಶಾಲೆಯಲ್ಲಾಗಲಿ ಸರಕಾರದ ನೆರವು ಪಡೆಯುವ ಶಾಲೆಯಲ್ಲಾಗಲಿ ಪ್ರವೇಶವನ್ನು ನಿರಾಕರಿಸಬಾರದೆಂದೂ ಹೇಳಿದೆ. 30ನೆಯದು ಅಲ್ಪಸಂಖ್ಯಾತರಿಗೆ ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತದೆ. ಇಲ್ಲಿಯ ಕ್ರಿಯಾಪದಗಳನ್ನು ಗಮನಿಸಬೇಕು. ಕಾಪಾಡಿಕೊಳ್ಳುವವರು ಯಾರು? ಸ್ಥಾಪಿಸುವವರು ಯಾರು? ಪೌರರು. ಮೂರನೆಯ ಭಾಗದ ಬೇರೆ ಕಡೆಗಳಲ್ಲಿ ಸರಕಾರವು ಸುಮ್ಮನಿದ್ದರೆ ನಮ್ಮ ಹಕ್ಕು ಉಳಿಯುತ್ತದೆ. ಇಲ್ಲಿ ನಾವು ಸುಮ್ಮನಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಆಸ್ತಿಯ ಕಾಗದಗಳಲ್ಲಿ ‘ಹಕ್ಕುಬಾಧ್ಯತೆ’ ಎಂದು ಎರಡನ್ನೂ ಕೂಡಿಸಿ ಬರೆಯುತ್ತಿದ್ದ ಹಳಬರು ಇಂತಹ ಹಕ್ಕನ್ನು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ.

29ನೆಯದರ ಒಡಲಿನಲ್ಲಿ ಅಲ್ಪಸಂಖ್ಯಾತರೆಂಬ ಪದವಿಲ್ಲ, ಶೀರ್ಷಿಕೆಯಲ್ಲಿ ಮಾತ್ರ ಇದೆ. 1948ರ ಡಿಸೆಂಬರದಲ್ಲಿ ಸಂವಿಧಾನ ಸಭೆಯು ಈ ಅನುಚ್ಛೇದವನ್ನು ಚರ್ಚಿಸಿದಾಗ, ಪದವನ್ನು ಏಕೆ ಬದಲಾಯಿಸಿದಿರೆಂಬ ಆಕ್ಷೇಪಕ್ಕೆ ಡಾ. ಅಂಬೇಡ್ಕರರು ಉತ್ತರ ಕೊಟ್ಟರು. ಮಹಾರಾಷ್ಟ್ರದವರು ಬಂಗಾಳಕ್ಕೆ ಹೋಗಿ ನೆಲಸಿದರೆ ಅವರು ರೂಢಿಯ ಅರ್ಥದಲ್ಲಿ ಅಲ್ಪಸಂಖ್ಯಾತರಲ್ಲದಿದ್ದರೂ ಭಾಷೆ ಸಂಸ್ಕೃತಿಗಳ ದೃಷ್ಟಿಯಿಂದ ಅವರಿಗೂ ರಕ್ಷಣೆ ಸಲ್ಲಬೇಕು, ಅದಕ್ಕಾಗಿ ವ್ಯಾಪಕವಾದ ಪದವನ್ನು ಇಟ್ಟಿದೆ ಎಂಬುದು ಅವರ ವಿವರಣೆಯ ಸಾರ. ಉದಾರವಾದ ವಿವರಣೆ. ಆದರೆ ಆ ಉದಾಹರಣೆಯಲ್ಲಿ ಮನುಷ್ಯನು ನಡೆದು ಹೋಗುತ್ತಾನೆ, ಗಡಿಯು ನಿಂತಲ್ಲಿ ನಿಂತಿರುತ್ತದೆ. ಎಂಟು ವರ್ಷಗಳ ತರುವಾಯ, 1956ರ ನವೆಂಬರ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ್ದಾದಾಗ, ಇಲ್ಲಿಯ ಜನರು ತಮ್ಮ ಮನೆಯ ಜಗಲಿಯಿಂದ ಇಳಿದಿರಲಿಲ್ಲ. ನಡೆದದ್ದು ಗಡಿ. ಬಳ್ಳಾರಿಯ ಆಚೆಗೆ ಆದವಾನಿ ರಾಯದುರ್ಗಗಳಲ್ಲಿ 1953ರಲ್ಲಿ, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ 1956ರಲ್ಲಿ, ಊರೂರುಗಳಲ್ಲಿ ಕನ್ನಡಿಗರು ಇದ್ದ ಜಾಗದಲ್ಲಿಯೇ ಹೊರಗಿನವರಾದರು. ಕಾಸರಗೋಡಿನ ಚಂದ್ರಗಿರಿಯ ಉತ್ತರ ಭಾಗವು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು, ಆ ವರದಿಯು ಜಾರಿಗೆ ಬರಲಿಲ್ಲ. ಅದರ ಕಥೆಯನ್ನು ಇಲ್ಲಿ ಎತ್ತುವುದಿಲ್ಲ. ಗಡಿ ಎಲ್ಲಿಯೇ ಇರಲಿ, ಅದರ ಒಂದು ಮಗ್ಗುಲಿನಲ್ಲಿ ಯಾವುದೋ ಒಂದು ಭಾಷೆಯ ಮಕ್ಕಳು ಉಳಿದೇ ಉಳಿಯುತ್ತಾರೆ. ಮಂಗಳೂರಿನಲ್ಲಿ ಮಲಯಾಳದ ಮನೆಗಳಿಲ್ಲವೆ?

ಆ ಮಕ್ಕಳ ಶಾಲೆಯ ಮಾತು ಸಂವಿಧಾನ ಸಭೆಯಲ್ಲಿಯೇ ಬಂದಿತ್ತು. ಅದೇ 1948ರ ಚರ್ಚೆಯಲ್ಲಿ ಸಂಯುಕ್ತ ಪ್ರಾಂತದ ಪ್ರತಿನಿಧಿ ಝಡ್. ಎಚ್. ಲಾರಿಯವರು, ಮಕ್ಕಳ ಸಂಖ್ಯೆ ಸಾಕಷ್ಟಿರುವಲ್ಲಿ ಪ್ರಾಥಮಿಕ ಶಿಕ್ಷಣವನ್ನು ಅವರ ಭಾಷೆಯಲ್ಲಿ ಪಡೆಯುವುದನ್ನು ಹಕ್ಕೆಂದೇ ಬರೆಯಬೇಕೆಂದು ತಿದ್ದುಪಡಿಯನ್ನು ಸೂಚಿಸಿದರು. ಸಭೆಯು ಅದನ್ನು ಒಪ್ಪಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಎಂಬ ಮೂವರು ಸದಸ್ಯರು ಅದೇ ಮಾತನ್ನು ಮತ್ತೆ ಆಡಿದರು. ಅವರೂ ಉಪಯೋಗಿಸಿದ ಪದವು ಹಕ್ಕು ಎಂಬುದೇ. ಮರುವರ್ಷ ಏಳನೆಯ ತಿದ್ದುಪಡಿಯಿಂದ 350-ಎ ಎಂಬ ಅನುಚ್ಛೇದವು ಸೇರಿತು. ಆದರೆ ಅದು ಸೇರಿದ್ದು ಹಕ್ಕುಗಳ ಮೂರನೆಯ ಭಾಗದಲ್ಲಿ ಅಲ್ಲ, ಭಾಷೆಗಳನ್ನು ಕುರಿತ ಹದಿನೇಳನೆಯ ಭಾಗದಲ್ಲಿ. ಮತ್ತು ‘ಹಕ್ಕು’ ಎಂಬ ಪದವು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿತ್ತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲು ಸಾಕಷ್ಟು ಸೌಲಭ್ಯಗಳನ್ನು ಒದಗಿಸುವುದು ಪ್ರತಿಯೊಂದು ರಾಜ್ಯದ, ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಪ್ರಯತ್ನವಾಗಿರಬೇಕು ಎಂಬುದು ಅದರ ತಾತ್ಪರ್ಯ. ರಾಷ್ಟ್ರಪತಿಗಳು ಬೇಕೆಂದು ಕಂಡರೆ ನಿರ್ದೇಶ ಕೊಡಬಹುದು. ಪ್ರಯತ್ನ, ಬಹುದು. ಇಷ್ಟೇ.

ಇದನ್ನು ಓದಿದವರು ಪುಸ್ತಕವನ್ನು ಮುಚ್ಚದೆ ಇನ್ನೊಂದು ಸ್ವಲ್ಪ ಮುಂದಕ್ಕೆ ಓದಬೇಕು. 350-ಬಿ ಎಂಬುದು ವಿಶೇಷಾಧಿಕಾರಿಯ ನೇಮಕವನ್ನು ಹೇಳುತ್ತದೆ. ಅವರ ಕಚೇರಿ 1957ರಲ್ಲಿ ಆರಂಭವಾಯಿತು, ಅವರ ವರದಿಗಳು ಸಂಸತ್ತಿನ ಮುಂದಿಡಲ್ಪಡುತ್ತವೆ. ಅದರ ಮಗ್ಗುಲಿನ 351ನೆಯ ಅನುಚ್ಛೇದವು ಹಿಂದಿಯ ಅಭಿವೃದ್ಧಿಯನ್ನು ಕುರಿತದ್ದು. ಆ ವಾಕ್ಯದ ಕಟ್ಟು 350-ಎ ಯ ಕಟ್ಟನ್ನೇ ಹೋಲುತ್ತದೆ, ಒಂದು ಪದ ಮಾತ್ರ ಬೇರೆ. ಅಲ್ಲಿ ಪ್ರತಿಯೊಂದು ರಾಜ್ಯದ ಪ್ರಯತ್ನ. ಇಲ್ಲಿ ಒಕ್ಕೂಟದ ಕರ್ತವ್ಯ. 1976ರಲ್ಲಿ ನಲವತ್ತೆರಡನೆಯ ತಿದ್ದುಪಡಿಯಿಂದ ಪೌರರ ಮೂಲಭೂತ ಕರ್ತವ್ಯಗಳು 51-ಎ ಎಂದು ಸೇರಿದಾಗ ಅದೇ ಅಚ್ಚನ್ನು ಮತ್ತೆ ಉಪಯೋಗಿಸಿದರು: ಪ್ರತಿಯೊಬ್ಬ ಪೌರನ ಕರ್ತವ್ಯ. ನಾನು ಅಂದು ಕರಿಹಲಗೆಯ ಮೇಲೆ ಈ ಮೂರು ವಾಕ್ಯಗಳ ಸಾರವನ್ನು ಒಂದರ ಕೆಳಗೆ ಒಂದಾಗಿ ಬರೆದೆನು. ಪೌರನಿಗೆ ಕರ್ತವ್ಯ, ಹಿಂದಿಯ ವಿಷಯದಲ್ಲಿ ಒಕ್ಕೂಟಕ್ಕೆ ಕರ್ತವ್ಯ, ನಮ್ಮ ಮಗುವಿನ ತಾಯ್ನುಡಿಯ ವಿಷಯದಲ್ಲಿ ರಾಜ್ಯಕ್ಕೆ ಪ್ರಯತ್ನ. ಕರ್ತವ್ಯವೆಂಬುದು ಸಂಸ್ಕೃತದ ತವ್ಯ ಪ್ರತ್ಯಯದಿಂದ ಆದುದು. ಮಾಡಲೇಬೇಕಾದದ್ದು ಎಂದು ಅದರ ಅರ್ಥ. ಪ್ರಯತ್ನಕ್ಕೆ ಅಂತಹ ಪ್ರತ್ಯಯವಿಲ್ಲ. ಪ್ರಯತ್ನವು ವಿಫಲವಾದರೂ ಪ್ರಯತ್ನವೇ.

ಹಿಂದಿಯ ಮೇಲೆ ದ್ವೇಷದಿಂದ ಇದನ್ನು ಹೇಳಿದೆನೆಂದು ಯಾರೂ ಭಾವಿಸಬಾರದು. ಆ ಅನುಚ್ಛೇದವು 1950ರಿಂದ ಇದ್ದದ್ದು, ಅದನ್ನು ಬರೆದವರ ಮುಂದೆ 350-ಎ ಇರಲಿಲ್ಲ. ಆದರೆ 1956ರಲ್ಲಿ 350-ಎ ಯನ್ನು ಬರೆದವರ ಮುಂದೆ 351 ಇತ್ತು. ಮಾದರಿ ಕಣ್ಣೆದುರಿಗಿದ್ದೂ ಅವರು ಬೇರೆ ಪದವನ್ನು ಆರಿಸಿದರು. ವಿಮರ್ಶಕನು ಕವಿಯ ವಿಷಯದಲ್ಲಿ ಹೇಳುವಂತೆ ಹೇಳುವುದಾದರೆ, ಇದು ಕೈತಪ್ಪಲ್ಲ, ಪದಪ್ರಯೋಗ.

ಕರ್ತವ್ಯವೆಂಬ ಪದ ಬಿದ್ದ ಮಾತ್ರಕ್ಕೆ ಎಲ್ಲವೂ ಆಯಿತೆ ಎಂದು ಕೇಳಬಹುದು. 51-ಎ ಯ ಕರ್ತವ್ಯಗಳನ್ನು ಮೀರಿದವರಿಗೆ ಆ ಅನುಚ್ಛೇದದಲ್ಲಿ ಯಾವ ಶಿಕ್ಷೆಯನ್ನೂ ಹೇಳಿಲ್ಲ, ನಿಜ. ಆದರೂ ಪದವು ಎಂದಾದರೂ ಒಂದು ದಿನ ನ್ಯಾಯಾಲಯದ ಮುಂದೆ ಬರುತ್ತದೆ, ಆಗ ಅದನ್ನು ಅಕ್ಷರಶಃ ಓದುವವರು ಬೇಕಾಗುತ್ತದೆ. ನಮ್ಮ ಕೇರಳದಲ್ಲಿಯೇ ನಡೆದ ಒಂದು ಮೊಕದ್ದಮೆಯನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಒಳಿತು. 1985ರಲ್ಲಿ ಒಂದು ಶಾಲೆಯ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಎಲ್ಲರಂತೆ ಗೌರವದಿಂದ ಎದ್ದು ನಿಂತರೂ ತಮ್ಮ ಮತಶ್ರದ್ಧೆಯ ಕಾರಣದಿಂದ ಹಾಡುತ್ತಿರಲಿಲ್ಲವೆಂದು ಅವರನ್ನು ಶಾಲೆಯಿಂದ ತೆಗೆಯಲಾಯಿತು. ರಾಷ್ಟ್ರಗೀತೆಯನ್ನು ಗೌರವಿಸುವುದು ಪೌರನ ಕರ್ತವ್ಯವೆಂದು 51-ಎ ಯಲ್ಲಿದೆ. 1986ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪಿನಲ್ಲಿ, ಗೌರವದಿಂದ ಎದ್ದು ನಿಂತವನು ಹಾಡದಿದ್ದ ಮಾತ್ರಕ್ಕೆ ಅಗೌರವ ತೋರಿದನೆಂದಾಗದು ಎಂದು ಹೇಳಿ, ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಬರೆದಿದ್ದುದು ‘ಗೌರವಿಸು’, ಶಾಲೆಯವರು ಓದಿದ್ದು ‘ಹಾಡು’. ಕ್ರಿಯಾಪದವನ್ನು ಸರಿಯಾಗಿ ಓದಿದ್ದರೆ ಆ ಮಕ್ಕಳಿಗೆ ಒಂದು ವರ್ಷ ನಷ್ಟವಾಗುತ್ತಿರಲಿಲ್ಲ.

ಪ್ರಯತ್ನವೆಂಬ ಪದವು ತರಗತಿಯ ಕೋಣೆಯಲ್ಲಿ ಹೇಗಿರುತ್ತದೆಂಬುದನ್ನು ನಾನು ಬಲ್ಲೆ. ಹೆಸರು ಬೇಡ, ನಮ್ಮ ಕಡೆಯ ಒಂದು ಕನ್ನಡ ಪ್ರಾಥಮಿಕ ಶಾಲೆ. ಅಲ್ಲಿ ಖಾಲಿಯಾದ ಹುದ್ದೆಗೆ ಕನ್ನಡವನ್ನು ಓದಲು ಬರೆಯಲು ಬಾರದ ಅಧ್ಯಾಪಕರೊಬ್ಬರು ಬಂದರು. ಸಜ್ಜನರು, ತಪ್ಪು ಅವರದಲ್ಲ, ಪಟ್ಟಿಯಲ್ಲಿ ಅವರ ಹೆಸರು ಮೇಲಿತ್ತು. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದು ಬೆರಳು ತೋರಿಸುತ್ತಿದ್ದರು, ಮಕ್ಕಳು ಉತ್ತರ ಬರೆದು ಸ್ಲೇಟು ತೋರಿಸುತ್ತಿದ್ದರು. ಮಾತಿನ ಲೆಕ್ಕ ಬಂದಾಗ ಇಬ್ಬರೂ ಸುಮ್ಮನಾಗುತ್ತಿದ್ದರು. ಪೋಷಕರು ಸೇರಿ ಒಂದು ಮನವಿಯನ್ನು ಕನ್ನಡದಲ್ಲಿ ಬರೆದು ಕಚೇರಿಗೆ ಒಯ್ದರು. ಅದನ್ನು ಓದುವವರು ಇಲ್ಲಿಲ್ಲ, ಭಾಷಾಂತರ ಮಾಡಿ ತನ್ನಿ ಎಂಬ ಉತ್ತರ ಬಂತು. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕುಂಟೆಂದು 350ನೆಯ ಅನುಚ್ಛೇದವು ಸಂದೇಹಕ್ಕೆಡೆಯಿಲ್ಲದೆ ಹೇಳಿದೆ. ಅದನ್ನು ಅಲ್ಲಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಹೇಳಿದರೆ ಕೆಲಸ ಕೆಡುವುದೆಂಬ ಭಯ. ಭಾಷಾಂತರ ಮಾಡಿ ಕೊಟ್ಟೆವು. ಎಂಟು ತಿಂಗಳ ಮೇಲೆ, ವಿಷಯವು ಪರಿಶೀಲನೆಯಲ್ಲಿದೆಯೆಂಬ ಉತ್ತರ ಬಂತು. ಅಂದರೆ ಪ್ರಯತ್ನ ನಡೆಯುತ್ತಿತ್ತು.

ಅಷ್ಟರಲ್ಲಿ ಒಂದನೆಯ ತರಗತಿಯ ಮಕ್ಕಳ ಸಂಖ್ಯೆ ಹನ್ನೊಂದರಿಂದ ಏಳಕ್ಕೆ ಇಳಿದಿತ್ತು. ಸಂಖ್ಯೆಯೆಂದರೆ ಸಣ್ಣ ಮಾತಲ್ಲ. ತರಗತಿಯಲ್ಲಿ 10, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಒದಗಿಸಬೇಕೆಂದು 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತ್ತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳಲ್ಲಿ ಇಂದಿಗೂ ಉದಾಹರಿಸುವ ಲೆಕ್ಕ ಅದೇ. ಏಳಕ್ಕೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಆ ಮನವಿಯನ್ನು ಬರೆದವನು ನಾನು. ಅದೇ ವರ್ಷ ನನ್ನ ಮೊಮ್ಮಗನು ಒಂದನೆಯ ತರಗತಿಗೆ ಸೇರಬೇಕಾಗಿತ್ತು. ಅವನು ಸೇರಿದ್ದು ಪೇಟೆಯ ಆಂಗ್ಲ ಮಾಧ್ಯಮ ಶಾಲೆಗೆ. ಅದು ಮಗ ಸೊಸೆಯರ ನಿಶ್ಚಯ, ನಾನು ಎದುರಾಡಲಿಲ್ಲ. ಲೆಕ್ಕ ಬಾರದ ಶಾಲೆಗೆ ಕಳುಹಿಸಿ ಎಂದು ಯಾವ ಬಾಯಿಂದ ಹೇಳಲಿ?

ಹೀಗೆ ಆರಿಸುವ ಸ್ವಾತಂತ್ರ್ಯವು ಪೋಷಕರಿಗೆ ಇದೆ ಎಂಬುದೂ ನಿಶ್ಚಯವಾದ ಮಾತು. ಕರ್ನಾಟಕ ಸರಕಾರವು 1994ರಲ್ಲಿ ಪ್ರಾಥಮಿಕ ತರಗತಿಗಳಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಹೊರಡಿಸಿದ ಆಜ್ಞೆಯ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 2014ರ ಮೇ 6ರಂದು ತೀರ್ಪಿತ್ತಿತು. ಮಗುವಿನ ಮಾತೃಭಾಷೆ ಯಾವುದೆಂದು ನಿಶ್ಚಯಿಸುವವರು ಪೋಷಕರು, ಮಾಧ್ಯಮವನ್ನು ಆರಿಸುವುದೂ ಅವರ ಸ್ವಾತಂತ್ರ್ಯ, 350-ಎ ಯನ್ನು ಆಧರಿಸಿ ರಾಜ್ಯವು ಯಾರನ್ನೂ ಬಲಾತ್ಕರಿಸಲಾಗದು ಎಂದು ಅಲ್ಲಿ ಹೇಳಿದೆ. ಈ ತೀರ್ಪಿಗಾಗಿ ಕನ್ನಡದ ಅಭಿಮಾನಿಗಳು ದುಃಖಪಟ್ಟರು. ಗಡಿಯ ಈಚೆಗೆ ಕುಳಿತು ಓದಿದ ನನಗೆ ಅರ್ಧ ದುಃಖ, ಅರ್ಧ ಸಮಾಧಾನ. ರಾಜ್ಯವು ಮಾಧ್ಯಮವನ್ನು ಹೇರಲಾರದೆಂದರೆ ಇಲ್ಲಿಯ ಸರಕಾರವೂ ನಮ್ಮ ಮೇಲೆ ಬೇರೊಂದು ಮಾಧ್ಯಮವನ್ನು ಹೇರಲಾರದು. ಆದರೆ ಆರಿಸುವುದೆಂದರೆ ಎರಡು ವಸ್ತುಗಳು ಎದುರಿಗಿರಬೇಕು. ಕನ್ನಡ ಬಲ್ಲ ಅಧ್ಯಾಪಕರಿರುವ ಕನ್ನಡ ಶಾಲೆಯು ಒಂದು ಪಕ್ಷದಲ್ಲಿ ಇದ್ದಿದ್ದರೆ ನನ್ನ ಮಗ ಸೊಸೆಯರು ಮಾಡಿದ್ದನ್ನು ಆಯ್ಕೆಯೆಂದು ಕರೆಯುತ್ತಿದ್ದೆನು. ಇಲ್ಲಿ ಪ್ರಯತ್ನವು ಸಡಿಲವಾದಷ್ಟೂ ಸ್ವಾತಂತ್ರ್ಯವು ಹೆಸರಿಗೆ ಮಾತ್ರ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಮಾತೃಭಾಷೆಯ ಮಾಧ್ಯಮದ ಮಾತು ಬಂದಾಗ ಸಾಧ್ಯವಾದ ಮಟ್ಟಿಗೆ ಎಂಬ ವಿಶೇಷಣವನ್ನು ಹಚ್ಚಿ ಜಾರಿಕೊಂಡಿದೆ.

ಹಾಗಾದರೆ ಒಮ್ಮೆ ಬರೆದ ಪದವು ಕಲ್ಲಿನ ಬರಹವೆ? ಅಲ್ಲವೆಂಬುದಕ್ಕೆ ಸಂವಿಧಾನದಲ್ಲಿಯೇ ಸಾಕ್ಷಿಯಿದೆ. 45ನೆಯ ಅನುಚ್ಛೇದವು ಮೊದಲು ಬರೆದಂತೆ, ಹದಿನಾಲ್ಕು ವರ್ಷ ತುಂಬುವ ವರೆಗೆ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದಿತ್ತು. ಇಲ್ಲಿಯೂ ಅದೇ ಪ್ರಯತ್ನ. ಹತ್ತು ವರ್ಷಗಳು 1960ಕ್ಕೆ ತುಂಬಿದುವು, ಪ್ರಯತ್ನವು ಮುಂದುವರಿಯಿತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಯಸ್ಸಿನ ವರೆಗಿನ ಶಿಕ್ಷಣವನ್ನು ಹಕ್ಕೆಂದು ಓದಿತು. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ 21-ಎ ಎಂಬುದು ಹಕ್ಕುಗಳ ಭಾಗದಲ್ಲಿಯೇ ಸೇರಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ರಾಜ್ಯವು ಶಿಕ್ಷಣವನ್ನು ಒದಗಿಸತಕ್ಕದ್ದು ಎಂದಾಯಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದೇ ತಿದ್ದುಪಡಿಯು ಪೋಷಕರಿಗೂ, ಮಗುವಿಗೆ ಶಿಕ್ಷಣದ ಅವಕಾಶವನ್ನು ಒದಗಿಸಬೇಕೆಂಬ ಹನ್ನೊಂದನೆಯ ಕರ್ತವ್ಯವನ್ನು ವಿಧಿಸಿತು. ಐವತ್ತೆರಡು ವರ್ಷಗಳ ಪ್ರಯತ್ನವು ‘ತಕ್ಕದ್ದು’ ಆಗಲು ಒಂದು ಕ್ರಿಯಾಪದದ ಬದಲಾವಣೆ ಸಾಕಾಯಿತು, ಆ ಬದಲಾವಣೆಗೆ ಬೇಕಾದುದು ಮಾತ್ರ ಐವತ್ತೆರಡು ವರ್ಷ.

ಅಂದು ಶಾಲೆಯಲ್ಲಿ ಇಷ್ಟೆಲ್ಲವನ್ನೂ ನಾನು ಹೇಳಲಿಲ್ಲ. ಮೂರು ವಾಕ್ಯಗಳನ್ನು ಬರೆದು, ಪ್ರತಿಯೊಂದರಲ್ಲಿಯೂ ಯಾರು ಏನನ್ನು ಮಾಡಬೇಕೆಂದಿದೆ, ಅಡಿಗೆರೆ ಎಳೆಯಿರಿ ಎಂದೆನು. ಮಕ್ಕಳು ಸರದಿಯಾಗಿ ಬಂದು ಎಳೆದರು. ಕ್ರಿಯಾಪದವನ್ನು ಕೇಳಿದ ಹುಡುಗಿಯು ಎಲ್ಲರೂ ಮುಗಿಸಿದ ಮೇಲೆ ಎದ್ದು ಬಂದು, ನಡುವಿನ ವಾಕ್ಯದಲ್ಲಿದ್ದ ‘ಪ್ರಯತ್ನ’ ಎಂಬ ಪದವನ್ನು ಅಂಗೈಯಿಂದ ಒರಸಿ ಅಲ್ಲಿ ‘ಕರ್ತವ್ಯ’ ಎಂದು ಬರೆದಳು. ಬರೆದು ಸ್ವಲ್ಪ ಹಿಂದೆ ಸರಿದು ನೋಡಿ, “ಬೇರೆ ಯಾವ ಶಬ್ದವನ್ನೂ ಬದಲು ಮಾಡಲಿಕ್ಕಿಲ್ಲ, ಅಲ್ವಾ ಮಾಷ್ಟ್ರೇ?” ಎಂದಳು. ನಾನು ಎರಡು ಸಲ ಓದಿ ನೋಡಿದೆನು. ವ್ಯಾಕರಣದ ಪ್ರಕಾರ ಅವಳ ಮಾತು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು, ಮಕ್ಕಳು ಗಂಜಿಗೆ ಓಡಿದರು.